ಜೀನ್ ಕೆಟ್ಟರೆ ಹೃದಯ ಬಲಕ್ಕೆ ಹೋಗುತ್ತದೆಯೇ? ಒಬ್ಬ ಲೇಖಕರಿಗೆ ಉತ್ತರ

ನಮಸ್ಕಾರ.

ಭ್ರೂಣದಲ್ಲಿ ಎಡ-ಬಲ ಹೇಗೆ ನಿರ್ಧಾರವಾಗುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಆದರೆ ವಿಷಯ ಅಪರೂಪದ್ದು, ನೀವು ಓದಿಕೊಂಡೂ ಇದ್ದೀರಿ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

‘ಎಡಕ್ಕೆ ಹೋಗು ಎಂದು ಜೀನ್ ಹೃದಯಕ್ಕೆ ಆಜ್ಞೆ ಮಾಡುತ್ತದೆ, ಜೀನ್ ಕೆಟ್ಟರೆ ಹೃದಯ ಬಲಕ್ಕೆ ಹೋಗುತ್ತದೆ’ ಎಂದು ಶುರುವಿನಲ್ಲೇ ಬರೆದಿದ್ದೀರಿ. ಇದು ತಪ್ಪು. 1959ರಲ್ಲಿ ವರದಿಯಾದ ‘ಐವಿ’ ಇಲಿಗಳನ್ನೇ ನೋಡಿ. ಅವುಗಳಲ್ಲಿ ಕೆಟ್ಟಿರುವುದು ಡೈನೀನ್ ಎಂಬ ಮೋಟಾರ್ ಪ್ರೋಟೀನಿನ, ಅಂದರೆ ಜೀವಕೋಶದಲ್ಲಿ ಚಲನೆ ಉಂಟುಮಾಡುವ ಪ್ರೋಟೀನಿನ ಜೀನ್. ಅಂಥ ಮರಿಗಳಲ್ಲಿ ಸುಮಾರು ಅರ್ಧದಷ್ಟರ ಅಂಗಗಳು ಅದಲುಬದಲಾಗಿರುತ್ತವೆ, ಮಿಕ್ಕವು ಸರಿಯಾಗಿಯೇ ಇರುತ್ತವೆ! ಅಂದರೆ ಜೀನ್ ಕೆಟ್ಟರೂ ಮುಂದೆ ಹೃದಯವಾಗುವ ಕೊಳವೆ ಒಂದು ಕಡೆಗೆ ಬಾಗುವುದು ನಿಲ್ಲುವುದಿಲ್ಲ. ಯಾವ ಕಡೆಗೆ ಎಂಬುದು ಮಾತ್ರ ನಾಣ್ಯ ಚಿಮ್ಮಿದ ಹಾಗೆ. ನಿಮ್ಮ ಲೇಖನ ಇಲ್ಲಿಂದಲೇ ಹೊರಡಬೇಕು.

ಆಮೇಲೆ ಓದುಗನನ್ನು ‘ನೋಡ್’ ಎಂಬ ಗುಳಿಯ ಹತ್ತಿರ ಕರೆದೊಯ್ಯಿರಿ. ಎಂಟು ದಿನ ತುಂಬುತ್ತಿರುವ ಇಲಿ ಭ್ರೂಣ. ಗುಳಿಯ ಜೀವಕೋಶಗಳಿಗೆ ಒಂದೊಂದು ಸೀಲಿಯಾ, ಅಂದರೆ ಸೂಕ್ಷ್ಮ ಎಳೆ. ಡೈನೀನಿನ ಬಲದಿಂದಲೇ ಅದು ಪ್ರದಕ್ಷಿಣವಾಗಿ ಗಿರಗಿರ ತಿರುಗುತ್ತದೆ. ನೆಟ್ಟಗಲ್ಲ, ಬಾಲದ ಕಡೆಗೆ ವಾಲಿಕೊಂಡು. ಎಡಕ್ಕೆ ಬೀಸುವಾಗ ತಳದಿಂದ ಮೇಲಿದ್ದು ದ್ರವವನ್ನು ಜೋರಾಗಿ ತಳ್ಳುತ್ತದೆ, ಬಲಕ್ಕೆ ಮರಳುವಾಗ ತಳಕ್ಕೆ ತಾಗುವಷ್ಟು ಹತ್ತಿರ ಬಂದು ಬಲ ಕಳೆದುಕೊಳ್ಳುತ್ತದೆ. ಒಟ್ಟಿನಲ್ಲಿ ದ್ರವ ಎಡಕ್ಕೇ ಹರಿಯುತ್ತದೆ. 1998ರಲ್ಲಿ ಟೋಕಿಯೊದ ನೊಬುತಾಕ ಹಿರೊಕಾವಾ ತಂಡ ಈ ಹರಿವನ್ನು ತೋರಿಸಿತು. 2002ರಲ್ಲಿ ಜಪಾನಿನದೇ ವಿಜ್ಞಾನಿಗಳು ಸಾಮಾನ್ಯ ಭ್ರೂಣಗಳ ಮೇಲೆ ಬಲಕ್ಕೆ ಹರಿಯುವ ಕೃತಕ ಪ್ರವಾಹ ಹಾಯಿಸಿದರು, ಎಡ-ಬಲವೇ ತಿರುಗಿಬಿಟ್ಟಿತು. ಇಂಥ ಪ್ರಯೋಗವನ್ನು ನೀವು ‘ಸಂಶೋಧನೆಗಳೂ ದೃಢಪಡಿಸಿವೆ’ ಎಂಬ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಓದುತ್ತಾ ನನಗೆ ನಿಜಕ್ಕೂ ಸಂಕಟವಾಯಿತು.

ಜೀನ್‌ಗಳ ಪಟ್ಟಿ ತೆಗೆಯಿರಿ, ಮೂರು ಸಾಕು. ಈ ಹರಿವಿನಿಂದಾಗಿ ನೋಡಲ್ ಎಂಬ ಜೀನ್‌ನ ಚಟುವಟಿಕೆ ಎಡಭಾಗದಲ್ಲಿ ಹಬ್ಬುತ್ತದೆ, ಅದು ನಡುಗೆರೆ ದಾಟದಂತೆ ಲೆಫ್ಟಿ ತಡೆಯುತ್ತದೆ, ಅವೆರಡೂ ಅಡಗಿದ ಮೇಲೂ ಪಿಟ್‌ಎಕ್ಸ್-2 ಉಳಿದು ಅಂಗಗಳ ಎಡತನವನ್ನು ರೂಪಿಸುತ್ತದೆ. ‘ಎಲ್ಲ ಪ್ರಾಣಿಗಳಲ್ಲೂ ಹೀಗೆಯೇ’ ಎಂಬುದನ್ನು ಹೊಡೆದುಹಾಕಿ; ಕೋಳಿಯ ಭ್ರೂಣದಲ್ಲಿ ಇಂಥ ಹರಿವಿಲ್ಲ, ಅಲ್ಲಿ ಕೋಶಗಳೇ ಎಡಕ್ಕೆ ಸರಿಯುತ್ತವೆ.

ಇನ್ನೊಂದು ಮಾತು, ಇದರಲ್ಲಿ ರಾಜಿಯಿಲ್ಲ. ಅಂಗಗಳೆಲ್ಲ ಅದಲುಬದಲಾದವರನ್ನು ‘ವಿಕೃತ ದೇಹದವರು’ ಎಂದಿದ್ದೀರಿ. ಅವರಲ್ಲಿ ಅನೇಕರು ಆರೋಗ್ಯವಾಗಿಯೇ ಬಾಳುತ್ತಾರೆ. ಕೆಲವು ಅಂಗ ಮಾತ್ರ ಸ್ಥಾನ ತಪ್ಪಿದಾಗಲೇ ಹೃದಯದ ದೋಷಗಳ ಅಪಾಯ ಹೆಚ್ಚು. ಕೆಲವರಿಗೆ ಸೀಲಿಯಾದ ದೋಷದಿಂದಲೇ ಶ್ವಾಸನಾಳದ ಕಫ ಹೊರಹೋಗದೆ ಮೇಲಿಂದ ಮೇಲೆ ಸೋಂಕಾಗುತ್ತದೆ. ಅಂಥವರೂ ನಿಮ್ಮ ಲೇಖನ ಓದಬಹುದು. ಆ ಪದ ಬೇಡ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಜೊತೆಗೆ ಗುಳಿಯ ಒಂದು ರೇಖಾಚಿತ್ರ ಇರಲಿ. ಸೀಲಿಯಾ ವಾಲಿದ ದಿಕ್ಕೂ ದ್ರವ ಹರಿಯುವ ದಿಕ್ಕೂ ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು.

— ಸಂಪಾದಕ