ಊರಿನ ಮನೆಗೆ ಸ್ಮಾರ್ಟ್ ಸಾಧನ ಕೊಳ್ಳುವ ಮೊದಲು ಅರ್ತಿಂಗ್ ನೋಡಿ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ನೀವು ಬೆಂಗಳೂರಿನಲ್ಲಿದ್ದೀರಿ. ಎಪ್ಪತ್ತು ದಾಟಿದ ತಂದೆ ತಾಯಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ತೋಟದ ಮನೆಯಲ್ಲಿ ಇಬ್ಬರೇ ಇದ್ದಾರೆ. ಅವರಿಗಾಗಿ ಒಂದು ಲಕ್ಷ ರೂಪಾಯಿ ತೆಗೆದಿರಿಸಿದ್ದೀರಿ. ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಸ್ವಿಚ್ಚು, ಮಾತನಾಡುವ ಸ್ಪೀಕರು, ನೆಲ ಗುಡಿಸುವ ರೋಬೋಟ್, ವೈಫೈ ಇರುವ ಫ್ರಿಜ್ಜು, ಕ್ಯಾಮೆರಾ – ಇವುಗಳಲ್ಲಿ ಯಾವುದಕ್ಕೆ ಹಣ ಹಾಕಬಹುದು, ಯಾವುದು ದಂಡ ಎಂದು ಕೇಳಿದ್ದೀರಿ.

ನಾನು ಪೆರ್ಲ, ಬದಿಯಡ್ಕ, ಮುಳ್ಳೇರಿಯ ಸುತ್ತಮುತ್ತ ವಯರಿಂಗ್ ಮತ್ತು ಪಂಪ್‌ಸೆಟ್ಟಿನ ಕೆಲಸ ಮಾಡುವವನು. ದೂರದಲ್ಲಿರುವ ಮಕ್ಕಳು ಪ್ರೀತಿಯಿಂದ ಕಳುಹಿಸಿದ ಪೆಟ್ಟಿಗೆಗಳನ್ನು ಬಿಡಿಸಿ ಜೋಡಿಸಿಕೊಡುವವನೂ ನಾನೇ, ಎರಡು ಮಳೆಗಾಲ ಕಳೆದ ಮೇಲೆ ಅವುಗಳನ್ನು ಕಳಚಿ ಕೊಡುವವನೂ ನಾನೇ. ಆದ್ದರಿಂದ ನೇರವಾಗಿ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿರುವ ಹೆಚ್ಚಿನವು ನಿಮ್ಮ ತಂದೆ ತಾಯಿಯ ಉಪಯೋಗಕ್ಕೆ ಬರುವುದಿಲ್ಲ. ಪಟ್ಟಿಯಲ್ಲೇ ಇಲ್ಲದ ಕೆಲವು ವಸ್ತುಗಳಿಂದ ಅವರ ಎಷ್ಟೋ ಕಷ್ಟ ತಪ್ಪುತ್ತದೆ. ಯಾವುದನ್ನೇ ಕೊಳ್ಳುವಾಗಲೂ ನಾನು ಕೇಳುವುದು ಒಂದೇ ಮಾತು: ಇಂಟರ್ನೆಟ್ ಇಲ್ಲದ ದಿನ, ನೀವು ಫೋನಿಗೆ ಸಿಗದ ದಿನ, ನಿಮ್ಮ ಅಮ್ಮ ಒಬ್ಬರೇ ಇದನ್ನು ನಡೆಸಬಲ್ಲರೇ?

ಮೊದಲ ಖರ್ಚು ಯಾವ ಸಾಧನಕ್ಕೂ ಅಲ್ಲ, ಅರ್ತಿಂಗಿಗೆ, ಅಂದರೆ ದಾರಿತಪ್ಪಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿಯ ವ್ಯವಸ್ಥೆಗೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚು ಹೇಗಿರುತ್ತದೆ ಎಂಬುದನ್ನು ಅಲ್ಲೇ ಹುಟ್ಟಿದ ನಿಮಗೆ ವಿವರಿಸಬೇಕಾಗಿಲ್ಲ. ಮತ್ತೆ ಅಕ್ಟೋಬರ್, ನವೆಂಬರ್‌ನ ಹಿಂಗಾರಿನಲ್ಲೂ ಅದೇ ಕತೆ. ಮುರಕಲ್ಲಿನ ನೆಲ ಬೇಸಿಗೆಯ ಕೊನೆಗೆ ಪೂರ್ತಿ ಒಣಗಿರುತ್ತದೆ. ಒಣಗಿದ ನೆಲದಲ್ಲಿ ವಿದ್ಯುತ್ತು ಸುಲಭವಾಗಿ ಇಳಿಯುವುದಿಲ್ಲ. ಸಿಡಿಲು ಶುರುವಾಗುವುದೂ ಅದೇ ಹೊತ್ತಿನಲ್ಲಿ. ಹಳೆಯ ಮನೆಗಳಲ್ಲಿ ಅರ್ತ್ ಗುಂಡಿ ಎಲ್ಲಿದೆ ಎಂದು ಮನೆಯವರಿಗೇ ನೆನಪಿರುವುದಿಲ್ಲ. ಹುಡುಕಿ ಅಗೆದರೆ ತಂತಿ ತುಕ್ಕು ಹಿಡಿದು ತುಂಡಾಗಿರುತ್ತದೆ. ಅದನ್ನು ಹೊಸದಾಗಿ ಮಾಡಿಸಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಲು ಹೇಳಿ. ಮೀಟರ್ ಬೋರ್ಡಿನ ಬಳಿ ಸರ್ಜ್ ತಡೆಯುವ ಸಾಧನವನ್ನು, ಅಂದರೆ ಎಸ್‌ಪಿಡಿಯನ್ನು, ಹಾಕಿಸಿ. 30 ಮಿಲಿಆಂಪಿಯರಿನ ಇಎಲ್‌ಸಿಬಿ ಇಲ್ಲದಿದ್ದರೆ ಅದೂ ಬೇಕು. ಇವೆರಡೂ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಇಎಲ್‌ಸಿಬಿ ಶಾಕ್ ಹೊಡೆದ ಕೂಡಲೇ ಕರೆಂಟು ಕಡಿದು ಮನುಷ್ಯನ ಜೀವ ಕಾಯುತ್ತದೆ. ಸಿಡಿಲಿನಿಂದ ತಂತಿಯಲ್ಲಿ ನುಗ್ಗಿ ಬರುವ ಏರುವೋಲ್ಟೇಜಿನಿಂದ ಟಿವಿ, ಫ್ರಿಜ್ಜನ್ನು ಕಾಯುವುದು ಅದರ ಕೆಲಸವಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೋಡ ಗುಡುಗಿದ ಕೂಡಲೇ ಪ್ಲಗ್ಗು ಕೀಳುವ ಅಭ್ಯಾಸ ನಮ್ಮ ಹಿರಿಯರಿಗಿದೆ. ಅದು ಬಹಳ ಒಳ್ಳೆಯ ಅಭ್ಯಾಸ. ಆದರೆ ಸ್ಮಾರ್ಟ್ ಸಾಧನಗಳು ಇಪ್ಪತ್ತನಾಲ್ಕು ಗಂಟೆಯೂ ಕರೆಂಟಿನಲ್ಲೇ ಇರಬೇಕು. ಗೋಡೆಯೊಳಗೆ ಕೂರಿಸಿದ ಸ್ವಿಚ್ಚನ್ನು ಯಾರು ಕೀಳುತ್ತಾರೆ? ಒಂದು ಸಿಡಿಲಿಗೆ ಸಾದಾ ಸ್ವಿಚ್ಚಿಗೆ ಏನೂ ಆಗದ ಮನೆಯಲ್ಲಿ ಸ್ಮಾರ್ಟ್ ಸ್ವಿಚ್ಚಿನ ಬೋರ್ಡುಗಳು ಸಾಲಾಗಿ ಸುಟ್ಟದ್ದನ್ನು ನೋಡಿದ್ದೇನೆ. ಇಂಟರ್ನೆಟ್ಟಿನ ಫೈಬರ್ ಗಾಜಿನದು, ಅದರ ಮೂಲಕ ವಿದ್ಯುತ್ತು ಬರುವುದಿಲ್ಲ. ಆದರೂ ರೂಟರಿನ ಅಡಾಪ್ಟರ್ ಕರೆಂಟಿನಲ್ಲಿದ್ದರೆ ಅದು ಹೋಗಬಹುದು.

ಈಗ ನಿಮ್ಮ ಪಟ್ಟಿಯಲ್ಲಿಲ್ಲದ ಒಂದು ಸಾಧನ. ನಮ್ಮ ಕಡೆಯ ಮನೆಗಳಿಗೆ ಇದಕ್ಕಿಂತ ಉಪಕಾರಿಯಾದ ಇನ್ನೊಂದನ್ನು ನಾನು ಕಂಡಿಲ್ಲ: ಪಂಪಿನ ಮೊಬೈಲ್ ಸ್ಟಾರ್ಟರ್. ಸಿಮ್ ಹಾಕಿದ ಒಂದು ಪುಟ್ಟ ಪೆಟ್ಟಿಗೆಯನ್ನು ಪಂಪ್ ಶೆಡ್ಡಿನ ಸ್ಟಾರ್ಟರಿಗೆ ಜೋಡಿಸುತ್ತೇವೆ. ಮನೆಯಿಂದ ಆ ನಂಬರಿಗೆ ಕರೆ ಮಾಡಿದರೆ ಮೋಟಾರು ಶುರುವಾಗುತ್ತದೆ, ಕರೆಯಿಂದಲೇ ನಿಲ್ಲಿಸಲೂ ಬಹುದು. ಆ್ಯಪ್ ಬೇಡ, ಸ್ಮಾರ್ಟ್‌ಫೋನೂ ಬೇಡ, ಒತ್ತುವ ಗುಂಡಿಗಳ ಹಳೆಯ ಫೋನು ಸಾಕು. ಡಿಸೆಂಬರಿನಿಂದ ಮೇ ತನಕ ಅಡಿಕೆಗೆ ನೀರು ಬಿಡಲೇಬೇಕು. ಸಂಜೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ 230 ಇರಬೇಕಾದ ವೋಲ್ಟೇಜು 170ಕ್ಕೆ ಇಳಿದದ್ದನ್ನು ನಾನೇ ಮೀಟರ್ ಹಿಡಿದು ನೋಡಿದ್ದೇನೆ. ಹಾಗಾಗಿ ಹೆಚ್ಚಿನವರು ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ತೋಟಕ್ಕೆ ಇಳಿಯುತ್ತಾರೆ. ಒದ್ದೆ ಸೋಗೆಯ ಮೇಲೆ ಕಾಲಿಟ್ಟು ಜಾರುವುದು, ಹಾಳೆಯ ಅಡಿಯಲ್ಲಿ ಹಾವು – ಎಪ್ಪತ್ತು ದಾಟಿದವರಿಗೆ ಇದು ಬೇಕೇ?

ಎಣ್ಮಕಜೆ ಕಡೆಯ ಒಬ್ಬ ಹಿರಿಯರ ತೋಟದಲ್ಲಿ ಇದನ್ನು ಹಾಕಿದ್ದೆ. ಪಂಪ್ ಶೆಡ್ ಅಂಗಳದಿಂದ ತುಂಬ ಕೆಳಗೆ, ಮುರಕಲ್ಲು ಕಡಿದು ಮಾಡಿದ ಮೆಟ್ಟಿಲುಗಳ ತಳದಲ್ಲಿ ಕೆರೆಯ ಬದಿಯಲ್ಲಿದೆ. ಅವರು ಜಗಲಿಯಲ್ಲಿ ಕುಳಿತು ನಂಬರು ಒತ್ತಿದರು. ಒಮ್ಮೆ ರಿಂಗಾಗಿ ಕರೆ ತಾನಾಗಿ ಕಡಿಯಿತು. ಅವರು ಫೋನು ಕೆಳಗಿಟ್ಟು ಕಿವಿಗೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಕತ್ತಲೆಯೊಳಗಿಂದ ಮೊದಲ ಸ್ಪ್ರಿಂಕ್ಲರಿನ ಚಿಟಿಚಿಟಿ ಕೇಳಿಸಿತು, ಹಿಂದೆಯೇ ಎರಡನೆಯದು. ‘ಹೆಡ್ಡೂ ತಿರುಗುತ್ತಿದೆ, ಕಸ ಕಟ್ಟಿಲ್ಲ’ ಎಂದರು. ಬರೀ ಸದ್ದಿನಿಂದಲೇ ಅವರಿಗೆ ಅಷ್ಟು ಗೊತ್ತಾಗುತ್ತದೆ. ತೋಟದ ವಿದ್ಯೆ ಅವರದ್ದು, ಇಳಿದು ಹತ್ತುವ ಕಷ್ಟ ಮಾತ್ರ ಯಂತ್ರದ್ದು. ಸಾಧನ ಎಂದರೆ ಹೀಗೆ ಇರಬೇಕು ಎಂದು ನನಗೆ ಅನಿಸುತ್ತದೆ.

ಕೊಳ್ಳುವಾಗ ಕೆಲವು ಸಂಗತಿಗಳನ್ನು ನೋಡಿಕೊಳ್ಳಿ. ಕೆರೆಯಲ್ಲಿ ನೀರು ಇಳಿದಾಗ ಮೋಟಾರು ಒಣ ಓಡದಂತೆ ತಾನಾಗಿ ನಿಲ್ಲಬೇಕು. ತ್ರೀ ಫೇಸ್ ಪಂಪಾದರೆ ಒಂದು ಫೇಸ್ ಹೋದ ಕೂಡಲೇ ನಿಲ್ಲಬೇಕು. ನೀವು ನಮೂದಿಸಿದ ನಂಬರುಗಳಿಂದ ಮಾತ್ರ ನಡೆಯಬೇಕು, ಇಲ್ಲದಿದ್ದರೆ ಯಾರದೋ ತಪ್ಪು ಕರೆಗೆ ನಡುರಾತ್ರಿ ಪಂಪು ಶುರುವಾಗುತ್ತದೆ. ಕಡಿಮೆ ಬೆಲೆಯ ಅನೇಕ ಪೆಟ್ಟಿಗೆಗಳು 2ಜಿಯಲ್ಲಿ ಕೆಲಸ ಮಾಡುವಂಥವು. ಜಿಯೋದಲ್ಲಿ 2ಜಿ ಇಲ್ಲ, ಆ ಸಿಮ್ ಹಾಕಿದರೆ ನಡೆಯುವುದಿಲ್ಲ. ಶೆಡ್ಡಿನ ಬಳಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆಂದು ಮೊದಲು ಫೋನು ಹಿಡಿದು ನೋಡಿ. ಸಿಮ್ಮಿನ ರೀಚಾರ್ಜನ್ನು ಬೆಂಗಳೂರಿನಿಂದ ನೀವೇ ಮಾಡಿ, ಅದನ್ನು ಅವರ ತಲೆಗೆ ಹಾಕಬೇಡಿ.

ಎರಡನೆಯದು ಬಿಎಲ್‌ಡಿಸಿ ಫ್ಯಾನು, ಅಂದರೆ ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಮೋಟಾರಿನ ಫ್ಯಾನು. ಇದಕ್ಕೆ ಕಣ್ಣು ಮುಚ್ಚಿ ಹಣ ಕೊಡಬಹುದು. ಸಾದಾ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿಸಿದರೆ ಒಂದು ಫ್ಯಾನಿನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ವೋಲ್ಟೇಜು ಇಳಿದರೂ ಇದರ ವೇಗ ಸುಲಭಕ್ಕೆ ಕುಗ್ಗುವುದಿಲ್ಲ, ಮತ್ತು ಇನ್ವರ್ಟರಿನ ಬ್ಯಾಟರಿ ಎರಡರಷ್ಟು ಹೊತ್ತು ಬರುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲದಾಗ ಇದರ ಬೆಲೆ ತಿಳಿಯುತ್ತದೆ. ಹಳೆಯ ರೆಗ್ಯುಲೇಟರನ್ನು ತೆಗೆಸಿಯೇ ಇದನ್ನು ಹಾಕಿಸಬೇಕು. ರಿಮೋಟ್ ಕಳೆದರೂ ಗೋಡೆಯ ಸ್ವಿಚ್ಚಿನಿಂದ ನಡೆಯುವ ಮಾದರಿಯನ್ನೇ ಕೇಳಿ. ಇದರಲ್ಲೇ ವೈಫೈ ಇರುವುದಕ್ಕೆ ಇನ್ನಷ್ಟು ಬೆಲೆ ಹೇಳುತ್ತಾರೆ, ಅದು ಬೇಡ.

ಫ್ರಿಜ್ಜಿಗೂ ಇದೇ ಮಾತು. ಬೇಕಾದಷ್ಟೇ ವೇಗದಲ್ಲಿ ಓಡಿ ಕರೆಂಟು ಉಳಿಸುವ ‘ಇನ್ವರ್ಟರ್ ಕಂಪ್ರೆಸರ್’ ಇರಲಿ, ಬಾಗಿಲಿನಲ್ಲಿ ಪರದೆ ಬೇಡ. ಕರೆಂಟು ಉಳಿತಾಯ ತೋರಿಸಲು ಅಂಟಿಸಿದ ಸರಕಾರದ ಬಿಇಇ ಚೀಟಿಯಲ್ಲಿ ನಕ್ಷತ್ರಗಳನ್ನಷ್ಟೇ ಎಣಿಸದೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿಯನ್ನು ಓದಿ. ನಕ್ಷತ್ರದ ಅಳತೆ ಆಗಾಗ ಬಿಗಿಯಾಗುತ್ತದೆ, ಹಳೆಯ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ. ಕೇರಳದಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳ ಲೆಕ್ಕದಲ್ಲಿ 250 ಯೂನಿಟ್ ದಾಟಿದರೆ ಮೇಲಿನ ದರ ಇಡೀ ಬಳಕೆಗೆ ಬೀಳುತ್ತದೆ. ಎಸಿ ಹಾಕಿಸುವ ಯೋಚನೆಯಿದ್ದರೆ ಈ ಗೆರೆ ನೆನಪಿರಲಿ.

ಸ್ಮಾರ್ಟ್ ಬಲ್ಬನ್ನು ಖಂಡಿತ ಬೇಡ ಎನ್ನುತ್ತೇನೆ. ಗೋಡೆಯ ಸ್ವಿಚ್ಚು ಆನ್ ಇದ್ದರೆ ಮಾತ್ರ ಅದಕ್ಕೆ ಜೀವ. ಮಲಗುವ ಮೊದಲು ಸ್ವಿಚ್ಚು ಆರಿಸುವುದು ಅಮ್ಮಂದಿರ ಐವತ್ತು ವರ್ಷದ ಅಭ್ಯಾಸ. ಒಂದು ಮನೆಯಲ್ಲಿ ಮಗ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿ ‘ಆರಿಸಬಾರದು’ ಎಂದು ಬರೆದು ಹೋಗಿದ್ದರು. ಆ ತಾಯಿ ತನ್ನದೇ ಅಡುಗೆಮನೆಯ ದೀಪ ಮುಟ್ಟಲು ಹೆದರುತ್ತಿದ್ದರು. ನಾನು ಹೋದದ್ದು ಬೇರೆ ಕೆಲಸಕ್ಕೆ. ಅವರು ಮೆಲ್ಲನೆ ‘ಇದನ್ನು ಮೊದಲಿನ ಹಾಗೆ ಮಾಡಿಕೊಡಲು ಆಗುತ್ತದಾ ಮಗನೇ, ಅವನಿಗೆ ಬೇಜಾರಾಗುತ್ತದೋ ಏನೋ’ ಎಂದು ಕೇಳಿದರು. ಮಗನಿಗೆ ಫೋನು ಮಾಡಿ ಹೇಳಿ, ಸಾದಾ ಎಲ್‌ಇಡಿ ಹಾಕಿ ಬಂದೆ. ಹೆತ್ತವರು ತಮ್ಮ ಮನೆಯಲ್ಲಿ ಅತಿಥಿಗಳಂತೆ ಇರಬೇಕಾದ ಸ್ಥಿತಿ ಬರಬಾರದು. ಈ ಒಂದು ವಿಷಯದಲ್ಲಿ ನನಗೆ ರಾಜಿಯಿಲ್ಲ.

ಗೋಡೆಯೊಳಗಿನ ಸ್ಮಾರ್ಟ್ ಸ್ವಿಚ್ಚಿಗೆ ಇನ್ನೂ ಒಂದು ತೊಡಕು. ಹೆಚ್ಚಿನವಕ್ಕೆ ಸ್ವಿಚ್ ಬೋರ್ಡಿನಲ್ಲಿ ಕರೆಂಟು ಮರಳುವ ನ್ಯೂಟ್ರಲ್ ತಂತಿ ಬೇಕು. ಹಳೆಯ ಮನೆಗಳಲ್ಲಿ ಬೋರ್ಡಿಗೆ ಕರೆಂಟು ತರುವ ಫೇಸ್ ತಂತಿ ಮಾತ್ರ ಇಳಿದಿರುತ್ತದೆ, ಗೋಡೆ ಕೊರೆಯಬೇಕಾಗುತ್ತದೆ.

ಇವೆಲ್ಲದರ ಹಿಂದೆ ಇನ್ನೊಂದು ದೊಡ್ಡ ಭಯವಿದೆ. ಇಂಥ ಅನೇಕ ಸಾಧನಗಳು ನಿಮ್ಮ ಮನೆಯಲ್ಲಿದ್ದರೂ ಅವುಗಳ ಬುದ್ಧಿ ಇರುವುದು ದೂರದ ಕಂಪನಿಯ ಸರ್ವರಿನಲ್ಲಿ. ಅದು ನಿಂತರೆ ಇದೂ ನಿಂತಿತು. ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸಲೆಂದು ಅಮೆರಿಕದಲ್ಲಿ ಸುಮಾರು 300 ಡಾಲರಿಗೆ ಮಾರಿದ ರಿವಾಲ್ವ್ ಎಂಬ ಪೆಟ್ಟಿಗೆಯನ್ನು, ಅದರ ಕಂಪನಿಯನ್ನು ಕೊಂಡುಕೊಂಡ ಗೂಗಲ್ ಬಳಗದ ನೆಸ್ಟ್ 2016ರ ಮೇ ತಿಂಗಳಲ್ಲಿ ನಿಲ್ಲಿಸಿಬಿಟ್ಟಿತು. 2022ರ ಏಪ್ರಿಲಿನಲ್ಲಿ ಸ್ಮಾರ್ಟ್ ಸ್ವಿಚ್ಚು ಮಾರುತ್ತಿದ್ದ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಕಣ್ಮುಚ್ಚಿದವು. ದೊಡ್ಡ ಹೆಸರು ನೋಡಿ ಕೊಂಡರೂ ಭರವಸೆಯಿಲ್ಲ. ಕೊಳ್ಳಲೇಬೇಕೆಂದಿದ್ದರೆ ‘ಮ್ಯಾಟರ್’ ಎಂಬ ಗುರುತು ಇರುವುದನ್ನು ಹುಡುಕಿ. 2022ರಲ್ಲಿ ಬಂದ ಈ ಮಾನದಂಡದಲ್ಲಿ ವಿವಿಧ ಕಂಪನಿಗಳ ಸಾಧನಗಳು ಮನೆಯ ವೈಫೈ ಒಳಗೇ ಪರಸ್ಪರ ಮಾತಾಡುತ್ತವೆ, ಹೊರಗಿನ ಇಂಟರ್ನೆಟ್ ಹೋದರೂ ಕೆಲಸ ಪೂರ್ತಿ ನಿಲ್ಲುವುದಿಲ್ಲ.

ಸ್ಪೀಕರು ಬೇಡ, ಅಲೆಕ್ಸಾ ನಮ್ಮಲ್ಲಿ ಇಂಗ್ಲಿಷ್, ಹಿಂದಿಯಲ್ಲಿ ಮಾತಾಡುತ್ತದೆ, ನಿಮ್ಮ ಅಮ್ಮ ಯಾವ ಭಾಷೆಯಲ್ಲಿ ಮಾತಾಡುತ್ತಾರೆಂದು ನಿಮಗೇ ಗೊತ್ತು. ಸಾಮಾನ್ಯ ಗುಡಿಸುವ ರೋಬೋಟ್ ಎರಡು ಸೆಂಟಿಮೀಟರಿನಷ್ಟು ಎತ್ತರ ಹತ್ತಬಲ್ಲದು, ನಮ್ಮ ಹಳೆಯ ಮನೆಗಳ ಹೊಸ್ತಿಲು ಅದಕ್ಕೆ ಗುಡ್ಡ.

ಕ್ಯಾಮೆರಾ ಬೇಕೆಂದರೆ ಅಂಗಳದ ಕಡೆಗೆ ಒಂದು ಸಾಕು. ಒಣಹಾಕಿದ ಅಡಿಕೆಗೂ ಕಾವಲು, ಗೇಟಿನಲ್ಲಿ ಯಾರು ಬಂದರೆಂದು ನಿಮಗೂ ತಿಳಿಯುತ್ತದೆ. ದೃಶ್ಯವನ್ನು ಮೆಮೊರಿ ಕಾರ್ಡಿನಲ್ಲಿ ಉಳಿಸಿಕೊಳ್ಳುವಂಥದ್ದನ್ನು ಆರಿಸಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ವೈರಸ್ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಹಾಗೆ ಬದಲಿಸದೆ ಬಿಟ್ಟ ಪಾಸ್‌ವರ್ಡುಗಳ ಮೂಲಕವೇ. ಮನೆಯೊಳಗೆ ಮಾತ್ರ ತಂದೆ ತಾಯಿಯನ್ನು ಕೇಳದೆ ಕ್ಯಾಮೆರಾ ಇಡಬೇಡಿ.

ಉಳಿದ ಹಣದಲ್ಲಿ ಮಲಗುವ ಕೋಣೆಯಿಂದ ಬಚ್ಚಲಿನ ತನಕ, ಮನುಷ್ಯ ಓಡಾಡಿದರೆ ತಾನಾಗಿ ಉರಿಯುವ ಸಣ್ಣ ದೀಪಗಳನ್ನು ಹಾಕಿಸಿ. ವೈಫೈ ಇಲ್ಲದ, ಕೆಲವು ನೂರು ರೂಪಾಯಿಯ ದೀಪಗಳು ಅವು. ತಂತಿಯಿಲ್ಲದ ಕರೆಗಂಟೆಯೊಂದನ್ನು ತಂದು ಗುಂಡಿಯನ್ನು ಬಚ್ಚಲಿನಲ್ಲಿ, ಗಂಟೆಯನ್ನು ಅಡುಗೆಮನೆಯಲ್ಲಿ ಇಡಿ. ಕಾಲು ಜಾರಿ ಬಿದ್ದವರ ಕೂಗು ಮಳೆಯ ಸದ್ದಿನಲ್ಲಿ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ಗುಂಡಿಯನ್ನು ನೆಲದಲ್ಲಿ ಬಿದ್ದವರ ಕೈಗೆ ಎಟುಕುವಷ್ಟು ಕೆಳಗೆ ಅಂಟಿಸಬೇಕು. ಟ್ಯಾಂಕಿ ತುಂಬಿದಾಗ ತಾನಾಗಿ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್ಚೂ ಇಂಥದ್ದೇ ಉಪಕಾರಿ.

ಕೊನೆಗೆ ಒಂದು ಗಡಿನಾಡಿನ ತಾಪತ್ರಯ, ಇದನ್ನು ಬೆಂಗಳೂರಿನ ಅಂಗಡಿಯವರು ಹೇಳುವುದಿಲ್ಲ. ನಮ್ಮ ಪಿನ್‌ಕೋಡ್ 671ರಿಂದ ಶುರುವಾಗುತ್ತದೆ. ಕಾಸರಗೋಡಿನಿಂದ ಐವತ್ತು ಕಿಲೋಮೀಟರಿನಲ್ಲಿ ಮಂಗಳೂರು ಇದ್ದರೂ ದೂರು ಕೊಟ್ಟರೆ ಕೆಲವು ಕಂಪನಿಗಳ ಲೆಕ್ಕದಲ್ಲಿ ಅದು ಕಣ್ಣೂರಿಗೋ ಕೋಯಿಕ್ಕೋಡಿಗೋ ಹೋಗುತ್ತದೆ. ಅಲ್ಲಿಂದ ಜನ ಬರುವ ತನಕ ಕಾಯಬೇಕು. ಫೋನಿನಲ್ಲಿ ಮಾತಾಡುವವರು ಮಲಯಾಳದಲ್ಲಿ ಕೇಳುತ್ತಾರೆ, ಹಿರಿಯರಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಆದ್ದರಿಂದ ಫ್ರಿಜ್ಜು, ವಾಷಿಂಗ್ ಮೆಷಿನಿನಂಥ ದೊಡ್ಡ ವಸ್ತುಗಳನ್ನು ಆನ್‌ಲೈನಿನಲ್ಲಿ ಕಳುಹಿಸದೆ, ರಿಪೇರಿಗೆ ಯಾರು ಬರುತ್ತಾರೆಂದು ಕೇಳಿಕೊಂಡು ಬದಿಯಡ್ಕ, ಕುಂಬಳೆ ಅಥವಾ ಕಾಸರಗೋಡಿನ ಅಂಗಡಿಯಿಂದಲೇ ಕೊಳ್ಳಿ. ಬಿಲ್ಲನ್ನು ಫೋಟೊ ತೆಗೆದು ನಿಮ್ಮಲ್ಲಿಟ್ಟುಕೊಳ್ಳಿ. ವಾರಂಟಿಯೊಳಗೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿ ಎಲ್ಲೇ ಇರಲಿ.

ನಿಮ್ಮ ಮನೆಯ ವಯರಿಂಗ್ ಯಾವ ಕಾಲದ್ದು, ಪಂಪು ಸಿಂಗಲ್ ಫೇಸೋ ತ್ರೀ ಫೇಸೋ, ಎಷ್ಟು ಎಚ್‌ಪಿ ಎಂದು ತಂದೆಯವರಲ್ಲಿ ಕೇಳಿ ಬರೆಯಿರಿ. ಮೊಬೈಲ್ ಸ್ಟಾರ್ಟರ್ ಯಾವುದು ಹೊಂದುತ್ತದೆ, ಅರ್ತಿಂಗಿಗೆ ಎಷ್ಟು ಖರ್ಚಾದೀತು ಎಂದು ಲೆಕ್ಕ ಹಾಕಿ ತಿಳಿಸುತ್ತೇನೆ. ಕೆಲಸವನ್ನು ಮಾರ್ಚಿನೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು, ಏಪ್ರಿಲಿನಲ್ಲಿ ಸಿಡಿಲು ಶುರುವಾದ ಮೇಲೆ ನಮ್ಮಂಥವರು ಯಾರೂ ಬೇಗ ಸಿಗುವುದಿಲ್ಲ.