ಪಶುವೈದ್ಯೆ, ಪೊಲೀಸ್, ಯೂಟ್ಯೂಬ್: ಏಳನೇ ಕ್ಲಾಸಿನವರ ಮುಂದಿನ ದಾರಿ

ಆರರಿಂದ ಎಂಟನೇ ತರಗತಿಯ ಮಕ್ಕಳ ಓದು, ಉದ್ಯೋಗದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಗಳು ಏಳನೇ ತರಗತಿ. ಜೂನ್‌ನಲ್ಲಿ ಪಶುವೈದ್ಯೆ ಆಗ್ತೀನಿ ಅಂದಳು, ದಸರಾ ಹೊತ್ತಿಗೆ ಪೊಲೀಸ್, ಈಗ ಯೂಟ್ಯೂಬ್‌ನಲ್ಲಿ ಅಡುಗೆ ಚಾನೆಲ್. ಅವರಪ್ಪ ಈಗಲೇ ಐಐಟಿ ಫೌಂಡೇಶನ್ ಕೋಚಿಂಗಿಗೆ ಸೇರಿಸೋಣ ಅಂತಾರೆ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮನಸ್ಸು ಬದಲಾಗುವುದಕ್ಕೆ ಗಾಬರಿ ಬೇಡ. ಈ ವಯಸ್ಸಿನಲ್ಲಿ ಮಕ್ಕಳಿಗೆ ಗೊತ್ತಿರುವುದು ಕೆಲಸದ ಹೆಸರು, ಅದರ ಡ್ರೆಸ್ಸು, ಟಿವಿಯಲ್ಲಿ ಕಂಡ ಒಂದೆರಡು ದೃಶ್ಯ. ದಿನವಿಡೀ ಅಲ್ಲಿ ಏನು ಮಾಡುತ್ತಾರೆ ಅನ್ನೋದು ಗೊತ್ತಿರುವುದಿಲ್ಲ. ‘ದೊಡ್ಡವಳಾಗಿ ಏನಾಗ್ತೀಯ?’ ಅನ್ನುವುದನ್ನು ಬಿಟ್ಟು, ‘ಅದರಲ್ಲಿ ನಿನಗೆ ಹಿಡಿಸಿದ್ದು ಯಾವುದು?’ ಎಂದು ಕೇಳಿ. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಕೆಲಸದ ಹೆಸರು, ಬಲಪುಟದಲ್ಲಿ ಹಿಡಿಸಿದ್ದು ಯಾಕೆ ಅನ್ನೋದನ್ನು ತಾರೀಕು ಹಾಕಿ ಅವಳೇ ಬರೆಯಲಿ. ಆರು ತಿಂಗಳಾದ ಮೇಲೆ ಎಡಪುಟಗಳೆಲ್ಲ ಬೇರೆ ಬೇರೆ ಇರುತ್ತವೆ. ಬಲಪುಟಗಳಲ್ಲಿ ಮಾತ್ರ ಒಂದೆರಡು ಮಾತು ಮತ್ತೆ ಮತ್ತೆ ಬರುವುದುಂಟು: ‘ಎಲ್ಲರ ಮುಂದೆ ಮಾತಾಡಬಹುದು’, ‘ಕೈಯಾರೆ ಏನಾದರೂ ಮಾಡಬಹುದು’. ನೀವು ಗಮನಿಸಬೇಕಾದದ್ದು ಅದನ್ನು.

ಕೋಚಿಂಗ್ ವಿಚಾರ. ಐಐಟಿ ಸೇರಲು ಬರೆಯುವ ಜೆಇಇ ಪರೀಕ್ಷೆ ನಿಂತಿರುವುದು 11 ಮತ್ತು 12ನೇ ತರಗತಿಯ ಪಠ್ಯದ ಮೇಲೆ. ಭಿನ್ನರಾಶಿಯೇ ಬಾರದ ಮಗುವಿಗೆ ಜೆಇಇ ಸೂತ್ರಗಳನ್ನು ಈಗಲೇ ಉರು ಹೊಡೆಸಿದರೆ, ಎರಡು ವರ್ಷದಲ್ಲಿ ‘ನನಗೆ ಗಣಿತ ಆಗಲ್ಲ’ ಅನ್ನೋ ತೀರ್ಮಾನವನ್ನು ದುಡ್ಡು ಕೊಟ್ಟು ಕೊಂಡಂತಾಗುತ್ತದೆ. ಮೊದಲು ಮನೆಯಲ್ಲೇ ಈ ಐದು ಲೆಕ್ಕ ಕೊಟ್ಟು ನೋಡಿ: 3/4ರಿಂದ 2/3 ಕಳೆ; 640 ರೂಪಾಯಿಯ ಚಪ್ಪಲಿಗೆ 15% ರಿಯಾಯಿತಿ ಆದರೆ ಎಷ್ಟು ಕೊಡಬೇಕು; 5 ಕೆ.ಜಿ. ಅಕ್ಕಿಯನ್ನು 2:3ರಂತೆ ಹಂಚು; −7 + 4 ಎಷ್ಟು; 3x + 5 = 20 ಆದರೆ x ಎಷ್ಟು. (ಚಪ್ಪಲಿಗೆ 544 ರೂಪಾಯಿ.) ಎರಡು ತಪ್ಪಿದರೆ ಕೋಚಿಂಗ್ ದುಡ್ಡು ಉಳಿಸಿ, ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಆ ಪಾಠಗಳನ್ನೇ ಮತ್ತೆ ಮಾಡಿಸಿ. ನರ್ಸ್ ಔಷಧದ ಪ್ರಮಾಣ ಅಳೆಯುವುದೂ, ಅಡುಗೆಯವರು ಇನ್ನೂರು ಎಲೆಗೆ ಸಾಮಾನು ಬರೆಯುವುದೂ ಅನುಪಾತದಲ್ಲೇ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಎಷ್ಟೋ ಮಕ್ಕಳು ಇಷ್ಟಪಟ್ಟು ಕೋರ್ಸ್ ಆರಿಸುವುದಿಲ್ಲ, ಗಣಿತ ಇಲ್ಲದ್ದು ಯಾವುದು ಎಂದು ಹುಡುಕುತ್ತಾರೆ. ಅದನ್ನು ತಡೆಯುವ ಕಾಲ ಇದು.

ಪ್ರಶ್ನೆ: ಮಗನ ಶಾಲೆಯಲ್ಲಿ ಹತ್ತು ಬೆರಳಿನ ಅಚ್ಚು ತೆಗೆದು, ಮೆದುಳಿನ ಯಾವ ಭಾಗ ಚುರುಕು, ಯಾವ ಕೋರ್ಸ್ ಸರಿ ಎಂದು ಹೇಳುವ ಶಿಬಿರ ಇದೆಯಂತೆ. ಮಾಡಿಸಬಹುದಾ?
— ಒಬ್ಬ ತಂದೆ, ಹಾಸನ

ಉತ್ತರ: ಬೇಡ. ಬೆರಳಿನ ಗೆರೆ ಮಗು ಹುಟ್ಟುವ ಮೊದಲೇ, ಗರ್ಭದಲ್ಲೇ ಮೂಡುವಂಥದ್ದು. ಅದರಿಂದ ಬುದ್ಧಿಯ ಒಲವು ತಿಳಿಯುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಹಸ್ತಸಾಮುದ್ರಿಕಕ್ಕೆ ಕಂಪ್ಯೂಟರ್ ಜೋಡಿಸಿದ್ದಾರೆ, ಅಷ್ಟೆ. ಸಾಲದ್ದಕ್ಕೆ, ಆಧಾರ್‌ಗೆ ಕೊಟ್ಟ ಅದೇ ಬೆರಳಚ್ಚನ್ನು ಗುರುತಿಲ್ಲದವರ ಲ್ಯಾಪ್‌ಟಾಪಿಗೆ ಕೊಟ್ಟಂತಾಗುತ್ತದೆ. ಒಲವಿನ ಪರೀಕ್ಷೆ ಬೇಕೇ ಬೇಕಾದರೆ ಎನ್‌ಸಿಇಆರ್‌ಟಿ ಮತ್ತು ಸಿಬಿಎಸ್‌ಇ ರೂಪಿಸಿದ ‘ತಮನ್ನಾ’ ಇದೆ. ಅದರಲ್ಲಿ ಪಾಸು, ಫೇಲು ಇಲ್ಲ. ಅದೂ 9, 10ನೇ ತರಗತಿಯವರಿಗೆ. ಅಲ್ಲಿಯವರೆಗೆ ಕಾಯಿರಿ.

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ 24 ಮಕ್ಕಳು. ಸಂಭ್ರಮ ಶನಿವಾರದಂಥ ಬ್ಯಾಗ್ ಇಲ್ಲದ ದಿನಗಳಲ್ಲಿ ಬೇರೆ ಬೇರೆ ಉದ್ಯೋಗ ಪರಿಚಯಿಸಬೇಕೆಂದಿದೆ. ದುಡ್ಡಿಲ್ಲ, ಬಸ್ಸಿಲ್ಲ. ಹೇಗೆ?
— ಒಬ್ಬ ಶಿಕ್ಷಕಿ, ಶಿರಾ ತಾಲ್ಲೂಕು

ಉತ್ತರ: ಬಸ್ಸು ಬೇಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಹತ್ತು ದಿನ ಬ್ಯಾಗಿಲ್ಲದ ಕಲಿಕೆ ಹೇಳಿದಾಗಲೂ ಹೆಸರಿಸಿದ್ದು ಬಡಗಿ, ತೋಟಗಾರ, ಕುಂಬಾರರಂಥ ಊರಿನವರನ್ನೇ.

ನಡೆದು ಹೋಗುವಷ್ಟು ದೂರದಲ್ಲಿ ಆರು ಜಾಗ ಗುರುತಿಸಿ: ಹಾಲಿನ ಡೇರಿ, ಪಶು ಆಸ್ಪತ್ರೆ, ಗ್ರಾಮ ಪಂಚಾಯಿತಿ, ವೆಲ್ಡಿಂಗ್ ಅಂಗಡಿ, ಟೈಲರ್, ಉಪ ಆರೋಗ್ಯ ಕೇಂದ್ರ. ಜಾಗಕ್ಕೆ ನಾಲ್ಕೇ ಮಕ್ಕಳು. ಹತ್ತು ಜನ ಹೋದರೆ ಇಬ್ಬರು ನೋಡುತ್ತಾರೆ, ಎಂಟು ಜನ ಹಿಂದೆ ತಳ್ಳಾಡುತ್ತಾರೆ. ಚೀಟಿ ಎತ್ತಿಸಿ ಗುಂಪು ಮಾಡಿ. ಅವರವರಿಗೇ ಬಿಟ್ಟರೆ ಹುಡುಗಿಯರು ಟೈಲರ್ ಹತ್ತಿರ, ಹುಡುಗರು ವೆಲ್ಡಿಂಗ್ ಹತ್ತಿರ ಹೋಗುವುದು ಖಂಡಿತ. ಪ್ರತಿ ಗುಂಪಿನ ಜೊತೆ ಒಬ್ಬ ದೊಡ್ಡವರಿರಲಿ. ಶಿಕ್ಷಕರು ಸಾಲದಿದ್ದರೆ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸದಸ್ಯರನ್ನು ಕೇಳಿ.

ಒಂದು ವಾರ ಮೊದಲೇ ಹೋಗಿ ಮಾತಾಡಿ, ಹೊತ್ತು ಗೊತ್ತುಮಾಡಿ. ಡೇರಿಗೆ ಹತ್ತು ಗಂಟೆಗೆ ಹೋದರೆ ತೊಳೆದಿಟ್ಟ ಕ್ಯಾನ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೇ ಹೋಗಬೇಕು. ಆಗ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್, ಫ್ಯಾಟ್ (ಜಿಡ್ಡು), ಜಿಡ್ಡು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್ ಎಲ್ಲ ಕಣ್ಣೆದುರೇ ನಡೆಯುತ್ತದೆ. ಕೆಎಂಎಫ್‌ನಲ್ಲಿ ಹಸುವಿನ ಹಾಲಿಗೆ ಅಳತೆಗೋಲು ಫ್ಯಾಟ್ 3.5%, ಎಸ್‌ಎನ್‌ಎಫ್ 8.5%. ದಶಮಾಂಶದ ಒಂದು ಬಿಂದು ಅಪ್ಪನ ಜೇಬಿಗೆ ಹೇಗೆ ತಟ್ಟುತ್ತದೆ ಎಂದು ಮಗು ಅಲ್ಲಿ ನೋಡುತ್ತದೆ.

‘ನಿಮ್ಮ ಕೆಲಸ ಏನು?’ ಎಂದು ಕೇಳಿದರೆ ಎರಡು ಮಾತಿನ ಉತ್ತರ, ಆಮೇಲೆ ‘ಚೆನ್ನಾಗಿ ಓದ್ರಪ್ಪಾ’ ಎಂಬ ಉಪದೇಶ. ಅದಕ್ಕೆ ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆಸಿ: ಇವತ್ತು ಬಂದ ತಕ್ಷಣ ಮೊದಲು ಏನು ಮಾಡಿದಿರಿ? ಈ ಕೆಲಸ ಯಾರ ಹತ್ತಿರ, ಎಷ್ಟು ದಿನ ಕಲಿತಿರಿ? ಯಾವ ತಪ್ಪು ಮಾಡಿದರೆ ನಷ್ಟ? ಬೇಜಾರು ಹಿಡಿಸುವ ಭಾಗ ಯಾವುದು? ಅಳತೆ, ಲೆಕ್ಕ, ಬರಹ ಎಲ್ಲಿ ಬರುತ್ತದೆ? ‘ಎಷ್ಟು ಸಂಪಾದನೆ?’ ಎಂದು ನೇರ ಕೇಳಿದರೆ ಮುಜುಗರ. ‘ಹೊಸದಾಗಿ ಸೇರಿದವರಿಗೆ ಏನು ಕೊಡುತ್ತಾರೆ?’ ಅಂದರೆ ಹೇಳುತ್ತಾರೆ. ಒಂದೂವರೆ ಗಂಟೆ ಸಾಕು.

ಮಕ್ಕಳು ನೋಡಬೇಕು, ಕೆಲಸ ಮಾಡಬಾರದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಂತೆ 14ರೊಳಗಿನವರನ್ನು ದುಡಿಸಿಕೊಳ್ಳುವಂತಿಲ್ಲ. ‘ಸ್ವಲ್ಪ ಇದನ್ನ ಹಿಡ್ಕೊ’ ಎಂಬಲ್ಲಿಂದಲೇ ಅಪಾಯ ಶುರು. ವೆಲ್ಡಿಂಗ್ ಕಿಡಿಯನ್ನು ಬರಿಗಣ್ಣಲ್ಲಿ ನೋಡದಂತೆ ಮೊದಲೇ ಹೇಳಿ. ಕತ್ತರಿಸಿಟ್ಟ ಕಬ್ಬಿಣ, ಅಳತೆ, ನಕ್ಷೆ ನೋಡಿದರೂ ಸಾಕಷ್ಟಾಯಿತು.

ಸೋಮವಾರ ಒಂದು ಪೀರಿಯಡ್ ಇಡಲೇಬೇಕು, ಇಲ್ಲದಿದ್ದರೆ ಎಲ್ಲ ಪಿಕ್ನಿಕ್ ಆಗಿ ಮುಗಿಯುತ್ತದೆ. ಪ್ರತಿ ಗುಂಪೂ ಆ ಕೆಲಸದಲ್ಲಿ ಕಂಡ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಲಿ. ಸರ್ವೇಯರ್ ಊರಿಗೆ ಬಂದಾಗ ಹಿಡಿದು ನಿಲ್ಲಿಸಿಕೊಳ್ಳಿ. ಬರದಿದ್ದರೂ ಮೈದಾನದಲ್ಲಿ 33 ಅಡಿ ಉದ್ದ, 33 ಅಡಿ ಅಗಲಕ್ಕೆ ಹಗ್ಗ ಕಟ್ಟಿಸಿ. 1,089 ಚದರಡಿ, ಅಂದರೆ ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಎಕರೆ. ವಿಸ್ತೀರ್ಣದ ಪಾಠ ಇದಕ್ಕಿಂತ ಚೆನ್ನಾಗಿ ಹತ್ತುವುದಿಲ್ಲ.

ಪ್ರಶ್ನೆ: ಮಗ ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೇ ತರಗತಿ. ಎಂಟಕ್ಕೆ ಪೇಟೆಯ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಮುಂದೆ ಇಂಜಿನಿಯರಿಂಗಿಗೆ ಅನುಕೂಲವಲ್ಲವೇ?
— ಒಬ್ಬ ರೈತ, ಹಾವೇರಿ ಜಿಲ್ಲೆ

ಉತ್ತರ: ಸೇರಿಸುವ ಮುಂಚೆ ಒಂದು ಲೆಕ್ಕ ತಿಳಿದಿರಲಿ. ಇಂಜಿನಿಯರಿಂಗಿನ ಪ್ರವೇಶ ಪರೀಕ್ಷೆ ಸಿಇಟಿ ಮೂಲಕ ಸಿಗುವ ಸರ್ಕಾರಿ ಕೋಟಾ ಸೀಟುಗಳಲ್ಲಿ 15% ಗ್ರಾಮೀಣ ಮೀಸಲಾತಿ, 5% ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಹತ್ತೂ ವರ್ಷ ಲೆಕ್ಕಕ್ಕೆ ಬರುತ್ತದೆ. ಏಳು ವರ್ಷ ಹಳ್ಳಿಯಲ್ಲಿ ಓದಿ, ಮೂರು ವರ್ಷ ಪುರಸಭೆಯ ಗಡಿಯೊಳಗೆ ಇಂಗ್ಲಿಷ್ ಮೀಡಿಯಂ ಓದಿದರೆ ಎರಡೂ ಕೈತಪ್ಪುತ್ತವೆ. ಪಿಯುಸಿಗೆ ಪೇಟೆಗೆ ಹೋದರೆ ತೊಂದರೆ ಇಲ್ಲ. ಕೆಳಗೆ ಹೇಳಿರುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನವೂ ಅನುದಾನವಿಲ್ಲದ ಖಾಸಗಿ ಶಾಲೆಯವರಿಗಿಲ್ಲ.

ಹಾಗಂತ ಊರ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನಕ್ಕೆ ಶಿಕ್ಷಕರೇ ಇಲ್ಲದಿದ್ದರೆ ಮೀಸಲಾತಿ ಹಿಡಿದು ಕೂರುವುದೂ ತಪ್ಪು. ಹೋಗಿ ವಿಚಾರಿಸಿ. ಶಿಕ್ಷಕರಿದ್ದರೆ ಅಲ್ಲೇ ಬಿಡಿ. ಪಿಯುಸಿ ವಿಜ್ಞಾನದಲ್ಲಿ ಕನ್ನಡ ಮಾಧ್ಯಮದವರು ಮೊದಲ ಮೂರು ತಿಂಗಳು ತಡವರಿಸುವುದು ಪಾರಿಭಾಷಿಕ ಪದಗಳಿಗೆ. ವೇಗೋತ್ಕರ್ಷ ಗೊತ್ತಿರುತ್ತದೆ, ‘ಆಕ್ಸಿಲರೇಶನ್’ ಅಂದಾಗ ಅದೇ ಇದು ಎಂದು ಹೊಳೆಯುವುದಿಲ್ಲ. ಎಂಟನೇ ತರಗತಿಯಿಂದಲೇ ಪ್ರತಿ ಪಾಠದ ಹತ್ತು ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡರೆ ಆ ಕಷ್ಟ ಅರ್ಧಕ್ಕಿಳಿಯುತ್ತದೆ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ. ಎನ್‌ಎಂಎಂಎಸ್ ಪರೀಕ್ಷೆ ಬರೀ ಅಂತ ಮೇಷ್ಟ್ರು ಹೇಳಿದ್ದಾರೆ. ಏನದು?
— ಒಬ್ಬ ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಖಂಡಿತ ಬರಿ ಪುಟ್ಟಿ. ಇದು ವಿದ್ಯಾರ್ಥಿವೇತನಕ್ಕೆ ನಡೆಸುವ ಪರೀಕ್ಷೆ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಏಳನೇ ತರಗತಿಯಲ್ಲಿ 55% (ಪರಿಶಿಷ್ಟರಿಗೆ 50%) ಬಂದಿರಬೇಕು. ಪ್ರಶ್ನೆಪತ್ರಿಕೆ ಎರಡು, ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ: ಒಂದು ತರ್ಕಶಕ್ತಿಯದ್ದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತದ್ದು. ಪ್ರಶ್ನೆಗೆ ಒಂದೇ ನಿಮಿಷ ಆದ್ದರಿಂದ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡು. ಆಯ್ಕೆಯಾದ ಮೇಲೂ ದುಡ್ಡು ತಪ್ಪುವುದು ಎರಡು ಕಾರಣಕ್ಕೆ: ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಬೇರೆ ಬೇರೆ ಇರುವುದು, ಪ್ರತಿ ವರ್ಷ ಆನ್‌ಲೈನ್‌ನಲ್ಲಿ ನವೀಕರಣ ಮಾಡಲು ಮರೆಯುವುದು. ಹೆಸರು ತಿದ್ದಿಸುವುದಿದ್ದರೆ ಈಗಲೇ ಮೇಷ್ಟ್ರಿಗೆ ಹೇಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ಕಚೇರಿ ಅಲೆಯಬೇಕಾಗುತ್ತದೆ.

ಪ್ರಶ್ನೆ: ಮಗನಿಗೆ ಓದಿಗಿಂತ ಮಿಕ್ಸಿ, ಪಂಪ್‌ಸೆಟ್ ಬಿಚ್ಚುವುದೇ ಇಷ್ಟ. ಎಂಟನೇ ತರಗತಿ. ಐಟಿಐಗೆ ಹಾಕಿದರೆ ನೆಂಟರು ಏನಂತಾರೋ.
— ಒಬ್ಬ ತಂದೆ, ತುಮಕೂರು

ಉತ್ತರ: ನೆಂಟರಿಗೆ ಈ ಲೆಕ್ಕ ತೋರಿಸಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ 2 ವರ್ಷ, ಬಿ.ಇ. 4 ವರ್ಷ, ಒಟ್ಟು 6. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ 3 ವರ್ಷ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಿದರೆ ಮತ್ತೆ 3, ಅದೂ 6. ಎರಡು ವರ್ಷದ ಐಟಿಐ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿದರೆ 2 + 2 + 3, ಬರೀ ಒಂದು ವರ್ಷ ಜಾಸ್ತಿ. ನಡುವೆ ಯಾವ ಮೆಟ್ಟಿಲಲ್ಲಿ ನಿಂತರೂ ಕೈಯಲ್ಲೊಂದು ಕೆಲಸ ಇರುತ್ತದೆ. ಪಿಯುಸಿ ದಾರಿಯಲ್ಲಿ ಹಾಗಲ್ಲ.

ಡಿಪ್ಲೊಮಾದಿಂದ ಬಿ.ಇ.ಗೆ ಹೋದವರು ಎಡವುವುದು ಗಣಿತದಲ್ಲಿ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಅವರಿಗೆಂದೇ ಹೆಚ್ಚುವರಿ ಗಣಿತ ಇಟ್ಟಿರುವುದು ಅದಕ್ಕೇ. ಆದ್ದರಿಂದ ‘ರಿಪೇರಿ ಬರುತ್ತಲ್ಲ, ಓದು ಹೇಗಾದರೂ ಇರಲಿ’ ಅನ್ನಬೇಡಿ. ಸದ್ಯಕ್ಕೆ ಒಂದು ಮಲ್ಟಿಮೀಟರ್ ಕೊಡಿಸಿ. ಪ್ಲಗ್ ಕಿತ್ತಿಟ್ಟ ಮೇಲೆಯೇ ಬಿಚ್ಚಬೇಕು, ಪಂಪ್‌ಸೆಟ್‌ನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಹೊಡೆಯುತ್ತದೆ, ಹಾಗಾಗಿ ದೊಡ್ಡವರಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಬಿಚ್ಚಿದ ಪ್ರತಿ ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಚಿತ್ರ ಬರೆದು ನಂಬರ್ ಹಾಕಲಿ. ಮಿಕ್ಸಿ ಮತ್ತೆ ಜೋಡಿಸಿದಾಗ ಸ್ಕ್ರೂ ಉಳಿಯಬಾರದು.