ಪಕ್ಕದ ಮನೆಯ ಅಲೆವಿಗಳು ಅಸ್ಸಾದ್ ಕಡೆಯವರೇ?

ಸ್ಟುಟ್‌ಗಾರ್ಟ್‌ನಲ್ಲಿರುವ ಓದುಗರೊಬ್ಬರ ಪತ್ರ: "ನಮ್ಮ ಪಕ್ಕದ ಮನೆಯವರು ಟರ್ಕಿಯ ಅಲೆವಿಗಳು. ಸಿರಿಯಾದ ಅಲಾವೈಟ್‌ಗಳ ಬಗ್ಗೆ ನಿಮ್ಮ ಲೇಖನ ಓದಿದ ಮೇಲೆ ಇವರೂ ಅಲ್ಲಿ ಆಳಿದ ಅಸ್ಸಾದ್ ಕಡೆಯವರೇ ಇರಬೇಕು ಅನ್ನಿಸಿತು. ಕೇಳಲೇ?"

ಸಂಪಾದಕರ ಉತ್ತರ: ದಯವಿಟ್ಟು ಹಾಗೆ ಕೇಳಬೇಡಿ. ಎರಡು ಹೆಸರೂ ಪ್ರವಾದಿ ಮುಹಮ್ಮದರ ಅಳಿಯ ಅಲಿಯಿಂದ ಬಂದವು. ಇಬ್ಬರಿಗೂ ಅಲಿ ಅಂದರೆ ಪ್ರಾಣ. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಅಲೆವಿಗಳು ಟರ್ಕಿಯ ಅನಟೋಲಿಯಾ ಪ್ರದೇಶದವರು. ಮಾತು ಟರ್ಕಿಶ್, ಕುರ್ದಿಶ್ ಇಲ್ಲವೇ ಜಾಜಾ. 13ನೇ ಶತಮಾನದ ಸೂಫಿ ಸಂತ ಹಾಜಿ ಬೆಕ್ತಾಶ್ ವೇಲಿ ಅವರಿಗೆ ದೊಡ್ಡ ಗುರು. ಹೆಚ್ಚಿನವರು ಮಸೀದಿಗೆ ಹೋಗುವುದಿಲ್ಲ, ಜೆಮೆವಿ ಅನ್ನುವ ತಮ್ಮ ಪ್ರಾರ್ಥನಾ ಮನೆಯಲ್ಲಿ ಸೇರುತ್ತಾರೆ. ಜಗಳವಾಡಿಕೊಂಡವರು 'ದೆದೆ' ಅನ್ನುವ ಹಿರಿಯರ ಮುಂದೆ ಮೊದಲು ರಾಜಿಯಾಗಬೇಕು, ಪೂಜೆ ಆಮೇಲೆ. ಬಾಗ್ಲಮಾ ಅನ್ನುವ ವಾದ್ಯದ ತಂತಿ ಮಿಡಿಯುತ್ತದೆ, ಹೆಂಗಸರು ಗಂಡಸರು ಒಟ್ಟಿಗೇ ಸೆಮಾಹ್ ಅನ್ನುವ ಭಕ್ತಿ ನೃತ್ಯದಲ್ಲಿ ಸುತ್ತುತ್ತಾರೆ. ಅವರ ಅಚ್ಚುಮೆಚ್ಚಿನ ಕವಿ ಪೀರ್ ಸುಲ್ತಾನ್ ಅಬ್ದಾಲ್‌ನನ್ನು 16ನೇ ಶತಮಾನದಲ್ಲಿ ಅನಟೋಲಿಯಾದ ಸಿವಾಸ್ ಊರಲ್ಲಿ ಗಲ್ಲಿಗೇರಿಸಿದರು. 1993ರ ಜುಲೈ 2ರಂದು ಅದೇ ಊರಲ್ಲಿ, ಅವನ ಹೆಸರಿನ ಉತ್ಸವಕ್ಕೆ ಬಂದವರು ತಂಗಿದ್ದ ಹೋಟೆಲಿಗೆ ಗುಂಪೊಂದು ಬೆಂಕಿ ಹಚ್ಚಿತು. ಕವಿಗಳು, ಹಾಡುಗಾರರು, ಸೆಮಾಹ್ ಮಾಡಲು ಬಂದಿದ್ದ ಹುಡುಗ ಹುಡುಗಿಯರು, ಹೋಟೆಲಿನ ಇಬ್ಬರು ಕೆಲಸಗಾರರು ಸೇರಿ 35 ಜನ ಸತ್ತರು. ಅಲೆವಿಗಳ ಎದೆಯಲ್ಲಿರುವ ನೋವು ಇದು. ಅಸ್ಸಾದ್‌ಗೂ ಇದಕ್ಕೂ ಏನು ಸಂಬಂಧ?

ಅಲಾವೈಟ್‌ಗಳು ಅರಬ್ಬಿ ಮಾತಾಡುವವರು, ಸಿರಿಯಾ ಕರಾವಳಿಯ ಲತಾಕಿಯಾ, ತಾರ್ತೂಸ್ ಕಡೆಯ ಬೆಟ್ಟಸಾಲಿನವರು. ಅವರ ಪಂಥದ ಮೂಲ 9ನೇ ಶತಮಾನದ ಇರಾಕಿನ ಇಬ್ನ್ ನುಸೈರ್. ಪುನರ್ಜನ್ಮವನ್ನು ನಂಬುತ್ತಾರೆ. ಒಳಗಿನ ತತ್ವ ದೀಕ್ಷೆ ಪಡೆದ ಗಂಡಸರಿಗೆ ಮಾತ್ರ ಗೊತ್ತು. ಅಲೆವಿಗಳ ಪದ್ಧತಿಗೂ ಇದಕ್ಕೂ ಎಷ್ಟು ದೂರ, ಅಲ್ವಾ? ಅಸ್ಸಾದ್ ಮನೆತನ ಈ ಸಮುದಾಯದ್ದು, ನಿಜ. ಹಾಗಂತ ಬೆಟ್ಟದ ಪ್ರತಿ ರೈತನೂ ಆ ಆಳ್ವಿಕೆಗೆ ಹೊಣೆಯಲ್ಲ. 2024ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬಶರ್ ಅಸ್ಸಾದ್ ದೇಶ ಬಿಟ್ಟು ಓಡಿದ. ಸೇಡಿಗೆ ಸಿಕ್ಕಿದ್ದು ಊರಲ್ಲಿ ಉಳಿದವರು. 2025ರ ಮಾರ್ಚ್‌ನಲ್ಲಿ ಕರಾವಳಿಯ ಸುತ್ತಮುತ್ತ ಸುಮಾರು 1,400 ಜನ ಸತ್ತರು, ಹೆಚ್ಚಿನವರು ಅಲಾವೈಟ್ ನಾಗರಿಕರು ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಹೇಳಿದೆ.

ಒಂದು ತೊಡಕಿದೆ. 1939ರಲ್ಲಿ ಟರ್ಕಿಗೆ ಸೇರಿದ ಹಾತಾಯ್ ಪ್ರಾಂತ್ಯದಲ್ಲೂ ಅಲಾವೈಟ್‌ಗಳಿದ್ದಾರೆ. ಟರ್ಕಿಯಲ್ಲಿ ಅವರಿಗೆ 'ಅರಬ್ ಅಲೆವಿ' ಅನ್ನುತ್ತಾರೆ. ಹಾಗಾಗಿ ಕೇಳಲೇಬೇಕು ಅನ್ನಿಸಿದರೆ ಊರು ಯಾವುದು ಅಂತ ಕೇಳಿ. ಅನಟೋಲಿಯಾದ ಸಿವಾಸ್ ಅಥವಾ ತುಂಜೆಲಿ ಅಂದರೆ, ಬಾಗ್ಲಮಾ ಕೇಳಬೇಕು ಅಂತ ಹೇಳಿ. ಹಾತಾಯ್‌ನ ಅಂತಾಕ್ಯಾ ಅಥವಾ ಸಮಂದಾಗ್ ಅಂದರೆ, 2023ರ ಭೂಕಂಪದ ನಂತರ ಊರಿನ ಮನೆಯವರು ಹೇಗಿದ್ದಾರೆ ಎಂದು ವಿಚಾರಿಸಿ.